ದೂರ ತರಬೇತಿಯಲ್ಲಿ ರೈತರು ತಾವೇ ಗುರುತು ಹಾಕುವ ಕ್ರಮ

ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳ ಗ್ರಾಮಪ್ರಮುಖರ ಹಾಗೂ ಭೂಮಾಲೀಕರ ಗಮನಕ್ಕೆ

ಬೇಸಾಯದ ವಿಷಯದಲ್ಲಿ ರೈತರಿಗೆ ಕೊಡುವ ತಿಳಿವಳಿಕೆಯು ಫಲಕಾರಿಯಾಗಬೇಕಾದರೆ, ಹೇಳುವವನಿಗೆ ಕೇಳುವವನ ಹೊಲದ ಸ್ಥಿತಿಯು ಗೊತ್ತಿರಬೇಕಾದುದು ಅವಶ್ಯಕ. ಬದುವಿನ ಮೇಲೆ ನಿಂತು ಮಾತನಾಡುವಾಗ ಇದಕ್ಕೆ ತೊಂದರೆಯಿಲ್ಲ. ರೈತನು ಬೆರಳು ಮಾಡಿ ತೋರಿಸುವನು. ಅಧಿಕಾರಿಯು ಬಗ್ಗಿ ನೋಡುವನು. ಆದರೆ 2020ನೆಯ ಇಸವಿಯ ಕೋವಿಡ್ ಕಾಲದಿಂದೀಚೆಗೆ ಕೃಷಿ ವಿಶ್ವವಿದ್ಯಾನಿಲಯಗಳೂ ಕೃಷಿ ವಿಜ್ಞಾನ ಕೇಂದ್ರಗಳೂ ಇಲಾಖೆಗಳೂ ಆನ್‌ಲೈನ್ ಮೂಲಕ ತರಬೇತಿ ನಡೆಸುವ ಪದ್ಧತಿಯು ರೂಢಿಗೆ ಬಂದಿದೆ. ಇದರಲ್ಲಿ ದಾರಿಯ ವೆಚ್ಚವೂ ಹೊತ್ತೂ ಉಳಿಯುವುವೆಂಬುದು ನಿಜ. ಆದರೆ ಇಂಥ ತರಬೇತಿಗಳಲ್ಲಿ ಹಲವು ಹೇಗೆ ಮುಗಿಯುತ್ತವೆಂಬುದನ್ನು ಅವುಗಳಲ್ಲಿ ಕುಳಿತವರೆಲ್ಲರೂ ಬಲ್ಲರು. ತಜ್ಞರು ಒಂದು ಗಂಟೆಯ ಕಾಲ ಚಿತ್ರಗಳನ್ನು ತೋರಿಸುತ್ತ ಮಾತನಾಡುವರು. ಕೊನೆಗೆ, ‘ಏನಾದರೂ ಸಂದೇಹಗಳಿದ್ದರೆ ಕೇಳಬಹುದು’ ಎನ್ನುವರು. ಸ್ವಲ್ಪ ಹೊತ್ತು ಯಾರೂ ಮಾತನಾಡುವುದಿಲ್ಲ. ಒಬ್ಬರ ಮನೆಯ ಕೋಳಿಯ ಕೂಗು ಎಲ್ಲರಿಗೂ ಕೇಳುವುದು. ಅಲ್ಲಿಗೆ ವಂದನಾರ್ಪಣೆ.

ರೈತರಿಗೆ ಸಂದೇಹಗಳಿಲ್ಲವೆಂದು ಇದರ ಅರ್ಥವಲ್ಲ. ನೂರು ಜನ ಕೇಳುತ್ತಿರುವಾಗ, ಮುಖ ಕಾಣದ ಯಂತ್ರದ ಮುಂದೆ, ತನ್ನ ಹೊಲದ ಕೆಡುಕನ್ನು ಪುಸ್ತಕದ ಮಾತಿನಲ್ಲಿ ವರ್ಣಿಸಲು ಅವರಿಗೆ ಸಂಕೋಚವಾಗುವುದು. ಮಾತಿನಲ್ಲಿ ಹೇಳಲಾಗದುದನ್ನು ಬೆರಳಿನಿಂದ ತೋರಿಸುವ ಅವಕಾಶವು ಈಗ ಅದೇ ಯಂತ್ರದಲ್ಲಿಯೇ ಉಂಟು. ಅದನ್ನು ಉಪಯೋಗಿಸುವ ಬಗೆಯೇ ಈ ಲೇಖನದ ವಿಷಯ.

ಒಮ್ಮುಖವಾದ ಬೋಧನೆ

ರಾಯಚೂರು ಜಿಲ್ಲೆಗೆ ದೂರದಿಂದ ಬರುವ ಬೋಧನೆಯು ಹೊಸದಲ್ಲ. ಮಸ್ಕಿಯ ಬೆಟ್ಟದಲ್ಲಿ 1915ರಲ್ಲಿ ಬೆಳಕಿಗೆ ಬಂದ ಅಶೋಕ ಚಕ್ರವರ್ತಿಯ ಶಾಸನವು ಇಂಥದೇ ಒಂದು ದೂರದ ಮಾತು. ಅದನ್ನು ಓದಿಸಿ ಕೇಳಿದ ಪ್ರಜೆಗೆ ಅದರ ಪಕ್ಕದಲ್ಲಿ ತನ್ನ ಮಾತನ್ನು ಕೆತ್ತುವ ಅಧಿಕಾರವಿರಲಿಲ್ಲ. ಅಷ್ಟು ಹಿಂದಕ್ಕೆ ಹೋಗುವುದು ಬೇಡ. 1975ನೆಯ ಆಗಸ್ಟ್ 1ರಿಂದ 1976ನೆಯ ಜುಲೈ 31ರವರೆಗೆ ಒಂದು ವರ್ಷಕಾಲ, ಅಮೇರಿಕದ ಎ.ಟಿ.ಎಸ್.-6 ಎಂಬ ಉಪಗ್ರಹದ ನೆರವಿನಿಂದ, ಸೈಟ್ ಎಂಬ ಹೆಸರಿನ ದೂರದರ್ಶನ ಪ್ರಯೋಗವು ಭಾರತದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ನಡೆಯಿತು. ಕರ್ನಾಟಕದಲ್ಲಿ ಇದಕ್ಕೆ ಆರಿಸಲ್ಪಟ್ಟ ಜಿಲ್ಲೆಗಳು ಬಿಜಾಪುರ, ಗುಲ್ಬರ್ಗ ಮತ್ತು ರಾಯಚೂರು. ಬೆಳಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ದೊಡ್ಡವರಿಗೆ, ಒಟ್ಟು ದಿನಕ್ಕೆ ನಾಲ್ಕು ಗಂಟೆಗಳ ಕಾರ್ಯಕ್ರಮಗಳು ಬರುತ್ತಿದ್ದುವು. ಬೇಸಾಯವೂ ಅವುಗಳಲ್ಲಿ ಒಂದು ಮುಖ್ಯ ವಿಷಯವಾಗಿತ್ತು. ಹಳ್ಳಿಯ ಜನರಿಗೆ ಅದೊಂದು ಬೆರಗು. ಆದರೆ ಪೆಟ್ಟಿಗೆಯೊಳಗಿನವರು ಹೇಳುತ್ತಿದ್ದರು, ಊರಿನವರು ಕೇಳುತ್ತಿದ್ದರು. ಊರಿನವರ ಮಾತು ಪೆಟ್ಟಿಗೆಯವರಿಗೆ ಅಲ್ಲಿಯೇ ಮುಟ್ಟುವ ದಾರಿ ಇರಲಿಲ್ಲ.

ಅನಂತರ ಮೈಸೂರಿನ ಅಬ್ದುಲ್ ನಜೀರ್‌ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆಯವರು ಗ್ರಾಮ ಪಂಚಾಯಿತಿ ಸದಸ್ಯರಿಗೆ ಉಪಗ್ರಹದ ಮೂಲಕ ತರಬೇತಿಯನ್ನು ಕೊಡತೊಡಗಿದಾಗ ಒಂದು ಹೆಜ್ಜೆ ಮುಂದೆ ಇಟ್ಟಂತಾಯಿತು. ತಾಲ್ಲೂಕು ಕೇಂದ್ರದಲ್ಲಿ ಕುಳಿತವರು ಮೈಸೂರಿನ ಚಿತ್ರವನ್ನು ನೋಡುತ್ತ, ದೂರವಾಣಿಯಿಂದ ಪ್ರಶ್ನೆಗಳನ್ನು ಕೇಳಬಹುದಾಗಿತ್ತು. ಈ ಪತ್ರಿಕೆಯನ್ನು ಓದುವ ಪಂಚಾಯಿತಿ ಹಿರಿಯರಲ್ಲಿ ಕೆಲವರು ಅಲ್ಲಿ ಕುಳಿತಿದ್ದವರೇ ಇರಬಹುದು. ಚಿತ್ರವು ಒಂದು ಕಡೆಯಿಂದ, ಧ್ವನಿಯು ಎರಡೂ ಕಡೆಯಿಂದ ಎಂಬುದು ಆ ಏರ್ಪಾಟಿನ ಎಲ್ಲೆ. ಈಗಿನ ಸಾಧನದಲ್ಲಿ ಚಿತ್ರವೇ ಎರಡೂ ಕಡೆಯವರ ಸ್ವತ್ತಾಗಬಲ್ಲುದು. ತಜ್ಞರು ತೋರಿಸುತ್ತಿರುವ ಅದೇ ಚಿತ್ರದ ಮೇಲೆ ಸಿಂಧನೂರಿನವನೂ ಲಿಂಗಸುಗೂರಿನವನೂ ತನ್ನ ತನ್ನ ಫೋನಿನಿಂದ ಗೆರೆ ಎಳೆದರೆ ಅದು ಆ ಕ್ಷಣದಲ್ಲಿಯೇ ಎಲ್ಲರ ಪರದೆಯ ಮೇಲೂ ಮೂಡುವುದು. ಜೂಮ್ ಎಂಬ ಸಭಾ ಸಾಧನದಲ್ಲಿ ಇದಕ್ಕೆ ಅನೋಟೇಟ್ ಎಂದು ಹೆಸರು; ಬೇರೆ ಸಾಧನಗಳಲ್ಲಿಯೂ ಬೇರೆ ಬೇರೆ ಹೆಸರಿನಿಂದ ಇದೇ ಸೌಕರ್ಯವಿದೆ.

ಗುಣದಲ್ಲಿ ನೋಡಿದರೆ ಇದು ಕರ್ನಾಟಕದ ಹಳ್ಳಿಗಳಿಗೆ ಪರಿಚಿತವಾದ ಕೆಲಸವೇ. 1980ರ ದಶಕದ ಕೊನೆಯ ವರ್ಷಗಳಿಂದ ಮೈರಾಡ ಮೊದಲಾದ ಸಂಸ್ಥೆಗಳು ಊರಿನವರಿಂದಲೇ ಊರಿನ ನಕ್ಷೆಯನ್ನು ನೆಲದ ಮೇಲೆ ರಂಗೋಲಿಪುಡಿ, ಕಾಳು, ಕಲ್ಲುಗಳಿಂದ ಬರೆಯಿಸುವ ಕ್ರಮವನ್ನು ಆಚರಣೆಗೆ ತಂದುವು. ಈ ಕ್ರಮವನ್ನು ಕುರಿತು ಬಹುವಾಗಿ ಬರೆದ ಇಂಗ್ಲೆಂಡಿನ ರಾಬರ್ಟ್ ಚೇಂಬರ್ಸ್ ಎಂಬ ವಿದ್ವಾಂಸರು, ನಕ್ಷೆ ಬರೆಯುವ ಕೋಲನ್ನು ಅಧಿಕಾರಿಯು ರೈತನ ಕೈಗೆ ಒಪ್ಪಿಸಬೇಕೆಂದು ಒತ್ತಿ ಹೇಳಿದರು. ಫೋನಿನ ಪರದೆಯ ಮೇಲಿನ ಪೆನ್ಸಿಲು ಆ ಕೋಲಲ್ಲದೆ ಬೇರೆಯಲ್ಲ.

ಭತ್ತದ ಎಲೆಯ ಮೂರು ಚಿತ್ರಗಳು

ಉಪಯೋಗವು ಎಂಥದೆಂಬುದನ್ನು ಒಂದು ದೃಷ್ಟಾಂತದಿಂದ ತಿಳಿಯಬಹುದು. ಸಿಂಧನೂರಿನ ಕಾಲುವೆ ಪ್ರದೇಶದಲ್ಲಿ ಭತ್ತದ ಎಲೆಯ ತುದಿ ಒಣಗುವುದನ್ನು ಕಂಡ ರೈತನು ಸಾಮಾನ್ಯವಾಗಿ ಅಂಗಡಿಗೆ ಹೋಗಿ, ‘ಎಲೆ ಸುಡುತ್ತಿದೆ, ಔಷಧ ಕೊಡಿ’ ಎನ್ನುವನು. ಆದರೆ ಎಲೆ ಕೆಡುವುದಕ್ಕೆ ಕಾರಣಗಳು ಹಲವು. ದುಂಡಾಣು ಎಲೆ ಅಂಗಮಾರಿ ರೋಗದಲ್ಲಿ ತುದಿಯಿಂದಲೂ ಅಂಚಿನಿಂದಲೂ ಹಳದಿಯ ಪಟ್ಟಿಯು ಅಲೆಯಲೆಯಾಗಿ ಕೆಳಗಿಳಿಯುವುದು. ಅಂಥ ಎಲೆಯನ್ನು ಕತ್ತರಿಸಿ ತಿಳಿನೀರಿನ ಲೋಟದಲ್ಲಿ ಅದ್ದಿದರೆ ಕತ್ತರಿಸಿದ ಬಾಯಿಂದ ಹಾಲಿನಂಥ ದ್ರವವು ಇಳಿಯುವುದು. ಉಪ್ಪಿನಂಶ ಹೆಚ್ಚಾದ ನೆಲದಲ್ಲಿ ತುದಿಯು ಬೆಳ್ಳಗಾಗಿ ಸುರುಳುವುದು, ಪೈರು ತೇಪೆತೇಪೆಯಾಗಿ ನಿಲ್ಲುವುದು, ಬದುವಿನ ಮೇಲೆ ಬಿಳಿಯ ಪುಡಿ ಕಾಣುವುದು. ಸತುವಿನ ಕೊರತೆಯಲ್ಲಿ ನಾಟಿಯಾದ ಎರಡರಿಂದ ನಾಲ್ಕು ವಾರಗಳೊಳಗೆ ಎಲೆಯ ಮೇಲೆ ತುಕ್ಕಿನ ಬಣ್ಣದ ಚುಕ್ಕೆಗಳು ಬೀಳುವುವು. ಮೊದಲನೆಯದಕ್ಕೆ ಸಾರಜನಕದ ಮೇಲುಗೊಬ್ಬರವನ್ನು ತಡೆಹಿಡಿಯುವುದು ಮುಖ್ಯ. ಎರಡನೆಯದಕ್ಕೆ ಒಳ್ಳೆಯ ನೀರು ಹಾಯಿಸಿ ಬಸಿದು ಬಿಡಬೇಕು. ಮೂರನೆಯದಕ್ಕೆ ಸತುವಿನ ಸಲ್ಫೇಟು. ಒಂದರ ಮದ್ದು ಮತ್ತೊಂದಕ್ಕೆ ಸಲ್ಲದು. ಉಪ್ಪಿನಿಂದ ಸುಟ್ಟ ಎಲೆಗೆ ಔಷಧ ಸಿಂಪಡಿಸಿದವನ ಹಣವು ಗಾಳಿಗೆ ಹೋದಂತೆಯೇ ಸರಿ.

ತಜ್ಞರು ಈ ಮೂರನ್ನೂ ಬಾಯಿಯಿಂದ ವಿವರಿಸಿದರೆ ಕೇಳುವವರು ತಲೆದೂಗುವರು. ಅದರ ಬದಲು ಮೂರು ಎಲೆಗಳ ಚಿತ್ರಗಳನ್ನು ಒಂದೇ ಪರದೆಯಲ್ಲಿ ಹೆಸರಿಲ್ಲದೆ ಇಟ್ಟು, ‘ನಿಮ್ಮ ಹೊಲದಲ್ಲಿ ಈಗ ಕಾಣುವುದು ಯಾವುದೋ ಅದರ ಕೆಳಗೆ ಒಂದು ಗೆರೆ ಎಳೆಯಿರಿ’ ಎಂದು ಹೇಳಿದರೆ, ಎರಡು ನಿಮಿಷಗಳಲ್ಲಿ ಗೆರೆಗಳು ಮೂಡುವುವು. ಎರಡನೆಯ ಸುತ್ತಿನಲ್ಲಿ, ‘ಇವುಗಳಲ್ಲಿ ಯಾವುದಕ್ಕೆ ಔಷಧ ಹೊಡೆದಿದ್ದೀರಿ?’ ಎಂದು ಕೇಳಬೇಕು. ಉಪ್ಪಿನ ಎಲೆಯ ಕೆಳಗೂ ಗೆರೆಗಳು ಬಿದ್ದರೆ ಆ ದಿನದ ಪಾಠವು ಯಾವುದಾಗಬೇಕೆಂಬುದು ತಜ್ಞರಿಗೆ ತಾನಾಗಿಯೇ ಗೊತ್ತಾಗುವುದು. ರೋಗದ ಪಾಠವನ್ನು ಸಿದ್ಧಮಾಡಿಕೊಂಡು ಬಂದವರು ಅದನ್ನು ಬದಿಗಿಟ್ಟು ಬಸಿಗಾಲುವೆಯ ವಿಷಯವನ್ನು ಎತ್ತಿಕೊಳ್ಳಬೇಕಾಗಬಹುದು. ಹೀಗೆ ಪಾಠವನ್ನು ನಡುವೆಯೇ ಬದಲಾಯಿಸಲೊಲ್ಲದ ತಜ್ಞರಿಗೆ ಈ ಸಾಧನದಿಂದ ಏನೂ ಪ್ರಯೋಜನವಿಲ್ಲ; ಅವರು ಮೊದಲಿನಂತೆ ಭಾಷಣವನ್ನೇ ಮಾಡುವುದು ಲೇಸು.

ಇನ್ನೊಂದು ಅನುಕೂಲವು ಈ ಸೀಮೆಗೆ ವಿಶೇಷವಾದುದು. ಸಿಂಧನೂರಿನ ಸುತ್ತಿನ ಕ್ಯಾಂಪುಗಳಲ್ಲಿ ಆಂಧ್ರದಿಂದ ಬಂದ ತೆಲುಗು ಕುಟುಂಬಗಳೂ, ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದು ನೆಲಸಿದ ಬಂಗಾಳಿ ಕುಟುಂಬಗಳೂ ಬೇಸಾಯ ಮಾಡುತ್ತಿವೆ. ಬರೆದು ಪ್ರಶ್ನೆ ಕೇಳಿರೆಂದರೆ ಇವರಲ್ಲಿ ಅನೇಕರು ಹಿಂಜರಿಯುವರು. ಓದು ಬರಹ ಬಾರದ ಕನ್ನಡಿಗರೂ ಹಿಂಜರಿಯುವರು. ಗೆರೆ ಎಳೆಯುವುದಕ್ಕೆ ಲಿಪಿಯ ಹಂಗಿಲ್ಲ.

ಮಳೆಯಾಶ್ರಿತ ಹೊಲಗಳಲ್ಲಿ

ಲಿಂಗಸುಗೂರು ಮತ್ತು ಮಸ್ಕಿ ಕಡೆಯ ಮಳೆಯಾಶ್ರಿತ ಎರೆಹೊಲಗಳವರಿಗೆ ನಕ್ಷೆಗಿಂತ ಕಾಲಪಟ್ಟಿಯು ಹೆಚ್ಚು ಉಪಯುಕ್ತ. ಪರದೆಯ ಮೇಲೆ ಒಂದು ಉದ್ದಗೆರೆಯನ್ನು ಎಳೆದು, ಜೂನ್‌ನಿಂದ ಜನವರಿಯವರೆಗೆ ತಿಂಗಳುಗಳ ಹೆಸರನ್ನು ಬರೆದು, ಹತ್ತಿ ಬಿತ್ತಿದ ಕಾಲವನ್ನು ಗೆರೆಯ ಮೇಲ್ಗಡೆಯೂ, ಗುಲಾಬಿ ಕಾಯಿಕೊರಕವನ್ನು ಮೊದಲು ಕಂಡ ಕಾಲವನ್ನು ಕೆಳಗಡೆಯೂ ಗುರುತಿಸಹೇಳಬೇಕು. ಮೋಹಕ ಬಲೆಯಲ್ಲಿ ಸತತ ಮೂರು ರಾತ್ರಿ ತಲಾ 8 ಪತಂಗಗಳು ಬಿದ್ದರೆ, ಇಲ್ಲವೆ ನೂರಕ್ಕೆ 10 ಹೂಗಳು ಗುಲಾಬಿ ಮೊಗ್ಗಿನಂತೆ ಮುಚ್ಚಿಕೊಂಡಿದ್ದರೆ, ಹತೋಟಿಗೆ ಕೈಹಾಕತಕ್ಕದ್ದೆಂಬುದು ನಿಯಮ. ಒಂದು ಊರಿನಲ್ಲಿ ಕೀಡೆಯು ಕಂಡು, ಪಕ್ಕದ ಊರಿನಲ್ಲಿ ಇನ್ನೂ ಕಾಣದಿದ್ದರೆ, ಆ ಪಕ್ಕದ ಊರಿನವರು ಅಂದೇ ಸಂಜೆ ಬಲೆ ಕಟ್ಟಲು ಅವಕಾಶವಾಗುವುದು. ಮುದ್ರಿತ ಪತ್ರಿಕೆಯು ಇಷ್ಟು ಬೇಗ ಸುದ್ದಿಯನ್ನು ಮುಟ್ಟಿಸಲಾರದೆಂದು ಈ ಪತ್ರಿಕೆಯೇ ಒಪ್ಪಿಕೊಳ್ಳಬೇಕಾಗಿದೆ.

ಸವಳು ಜವಳಿನ ನಕ್ಷೆ

ಇನ್ನು ಕಾಲುವೆಯ ಕೆಳಗಿನ ಭೂಮಾಲೀಕರು ಹೆಚ್ಚಾಗಿ ಲಕ್ಷ್ಯ ಕೊಡಬೇಕಾದ ಸಂಗತಿ. ತುಂಗಭದ್ರಾ ಎಡದಂಡೆ ಮುಖ್ಯ ಕಾಲುವೆಯು 227 ಕಿಲೋಮೀಟರು ಉದ್ದವಾದುದು. ಅಲ್ಪ ನೀರನ್ನು ಬೇಡುವ ಬೆಳೆಗಳನ್ನೇ ಹೆಚ್ಚಾಗಿ ಉದ್ದೇಶಿಸಿ ಯೋಜಿಸಿದ ಈ ಕಾಲುವೆಯ ಮೇಲೆ ಭತ್ತವು ವಿಸ್ತಾರವಾಗಿ ಹಬ್ಬಿತು. ಜಲಾಶಯದ ಸಾಮರ್ಥ್ಯವಾದರೋ ಮೊದಲಿನ ಸುಮಾರು 133 ಟಿ.ಎಂ.ಸಿ.ಯಿಂದ ಹೂಳು ತುಂಬಿ ಸುಮಾರು 105 ಟಿ.ಎಂ.ಸಿ.ಗೆ ಇಳಿದಿದೆ, 2024ನೆಯ ಆಗಸ್ಟ್ 10ರ ರಾತ್ರಿ 19ನೆಯ ತೂಬಿನ ಬಾಗಿಲು ಕೊಚ್ಚಿಹೋದಾಗ ತುಂಬಿದ ಕೆರೆಯ ನೀರನ್ನು ಬಹುವಾಗಿ ಹೊರಬಿಡಬೇಕಾಗಿ ಬಂದುದನ್ನು ರೈತರು ಮರೆತಿಲ್ಲ. ಮೇಲ್ಭಾಗದಲ್ಲಿ ನೀರು ಮಿಗಿಲಾಗಿ ನಿಂತಲ್ಲಿ ಕೆಳಗಿನ ತಗ್ಗಿನ ಹೊಲಗಳು ಸವಳಾಗುವುವು, ಜವಳಾಗುವುವು. ಕೊನೆಯ ಭಾಗದವರಿಗೆ ನೀರೇ ಮುಟ್ಟುವುದಿಲ್ಲ. ಒಂದೇ ಕಾಲುವೆಯ ಎರಡು ತುದಿಗಳಲ್ಲಿ ಎರಡು ಬಗೆಯ ನಷ್ಟ.

ಪ್ರತಿಯೊಬ್ಬ ರೈತನೂ ತನ್ನ ಹೊಲದ ಬಿಳಿಯ ಮಣ್ಣನ್ನು ಮಾತ್ರ ಬಲ್ಲನು. ಅದು ತನ್ನ ದುರದೃಷ್ಟವೆಂದು ತಿಳಿದು, ಒಬ್ಬನೇ ಜಿಪ್ಸಮ್ ತಂದು ಚೆಲ್ಲುವನು. ಜಿಪ್ಸಮ್ಮು ಕ್ಷಾರ ನೆಲಕ್ಕೆ, ಎಂದರೆ ರಸಸಾರವು 8.5ನ್ನು ಮೀರಿ ಸೋಡಿಯಮ್ಮು ಹೆಚ್ಚಾದ ನೆಲಕ್ಕೆ, ಸಲ್ಲುವ ಮದ್ದು. ಬರಿಯ ಉಪ್ಪು ಕೂಡಿದ ನೆಲಕ್ಕೆ ಬೇಕಾದುದು ಬಸಿಯುವ ದಾರಿ. ಆ ದಾರಿಯು ನೆರೆಯವರ ಹೊಲದ ಮೂಲಕವೇ ಹೋಗಬೇಕಾದುದರಿಂದ ಅದು ಒಬ್ಬನಿಂದ ಆಗುವ ಕೆಲಸವಲ್ಲ. ಇಲ್ಲಿಯೇ ಎಲ್ಲರೂ ಸೇರಿ ಗುರುತು ಹಾಕಿದ ನಕ್ಷೆಯ ಬೆಲೆಯು ಗೊತ್ತಾಗುವುದು. ದಿಶಾಂಕ್ ಎಂಬ ಸರ್ಕಾರಿ ಆಪ್‌ನಲ್ಲಿ ಸರ್ವೆ ನಂಬರುಗಳ ಸಹಿತ ಊರಿನ ನಕ್ಷೆಯು ದೊರೆಯುತ್ತದೆ. ಅದರ ಚಿತ್ರವನ್ನು ಪರದೆಗೆ ತಂದು, ಬಿಳಿಯ ಪುಡಿ ಕಂಡ ಕಡೆ ಕೆಂಪು, ಮೊಣಕಾಲುದ್ದದ ಗುಂಡಿಯಲ್ಲಿಯೇ ನೀರು ಬರುವ ಕಡೆ ನೀಲಿ, ಕಾಲುವೆಯ ನೀರು ಸರದಿಗೆ ಮುಟ್ಟದ ಕಡೆ ಕಪ್ಪು ಗುರುತನ್ನು ರೈತರಿಂದಲೇ ಹಾಕಿಸಬೇಕು. ಕೆಂಪು ಚುಕ್ಕೆಗಳು ಚದರಿಬಿದ್ದರೆ ಒಂದು ಬಗೆ. ಅವು ಒಂದು ಹಳೆಯ ಹಳ್ಳದ ಗುಂಟ ಸಾಲಾಗಿ ನಿಂತರೆ ಆ ಹಳ್ಳವು ಎಲ್ಲಿಯೋ ಒತ್ತುವರಿಯಾಗಿಯೋ ಹೂತೋ ಇದೆಯೆಂಬ ಶಂಕೆಗೆ ಎಡೆಯುಂಟು. ನೀರು ಬಳಕೆದಾರರ ಸಹಕಾರ ಸಂಘವು ಇಂಥ ನಕ್ಷೆಯನ್ನು ಹಿಡಿದುಕೊಂಡು ಮುನಿರಾಬಾದಿನ ಕಛೇರಿಗೆ ಹೋದರೆ, ಬರಿಯ ಮನವಿಗಿಂತ ಅದರ ಮಾತಿಗೆ ತೂಕ ಬರುವುದು.

ಆದರೆ ಒಂದು ಎಚ್ಚರ. ನಾಲ್ಕು ಕಿಲೋಮೀಟರು ಅಗಲದ ಊರನ್ನು ಏಳು ಸೆಂಟಿಮೀಟರು ಅಗಲದ ಫೋನಿನಲ್ಲಿ ತೋರಿಸಿದರೆ, ಪರದೆಯ ಒಂದು ಮಿಲಿಮೀಟರು ನೆಲದ ಮೇಲೆ 57 ಮೀಟರಾಗುವುದು. ಬೆರಳ ತುದಿಯು ಎಂಟು ಮಿಲಿಮೀಟರಿನಷ್ಟಾದರೂ ಇರುವುದರಿಂದ ಒಂದು ಚುಕ್ಕೆಯು ಸುಮಾರು 450 ಮೀಟರು ನೆಲವನ್ನು ಮುಚ್ಚುವುದು. ಸವಳು ಒಬ್ಬನದಿದ್ದರೆ ಚುಕ್ಕೆಯು ಐದಾರು ಜನರ ಹೊಲದ ಮೇಲೆ ಬೀಳುವುದು. ಜಗಳಕ್ಕೆ ಇಷ್ಟು ಸಾಕು. ಆದುದರಿಂದ ಒಂದು ತೂಬಿನ ಕೆಳಗಿನ ಭಾಗವನ್ನು ಮಾತ್ರ ಒಂದು ಸಲಕ್ಕೆ ದೊಡ್ಡದಾಗಿ ತೋರಿಸಬೇಕು. ಅಲ್ಲದೆ ಗುರುತು ಹಾಕಿದ ಮೇಲೆ ತಜ್ಞರು ಕೆಳಗಿನ ಚಿತ್ರವನ್ನು ಅತ್ತಿತ್ತ ಸರಿಸಕೂಡದು. ಜೂಮ್‌ನಲ್ಲಿ ಗುರುತುಗಳು ಪರದೆಗೆ ಅಂಟಿರುವುವೇ ಹೊರತು ನಕ್ಷೆಗಲ್ಲ. ನಕ್ಷೆಯು ಸರಿದರೆ ರಾಮನ ಹೊಲದ ಉಪ್ಪು ಭೀಮನ ಹೊಲಕ್ಕೆ ಹೋಗಿ ಕೂರುವುದು. ಈ ಗುರುತುಗಳು ಮಣ್ಣು ಪರೀಕ್ಷೆಗೆ ಬದಲಲ್ಲವೆಂಬುದನ್ನೂ ಹೇಳಬೇಕು. ಮಣ್ಣಿನ ಮಾದರಿಯನ್ನು ಎಲ್ಲಿಂದ ತೆಗೆಯಬೇಕೆಂಬುದನ್ನು ಮಾತ್ರ ಅವು ತೋರಿಸಿಕೊಡುವುವು.

ಯಾರ ಗುರುತು ಮೊದಲು

ಈ ಕ್ರಮವು ಕೆಡುವುದು ಯಂತ್ರದ ದೋಷದಿಂದಲ್ಲ, ಮರ್ಯಾದೆಯಿಂದ. ಊರಿನ ಗೌಡರು ಅಥವಾ ಪಂಚಾಯಿತಿಯ ಅಧ್ಯಕ್ಷರು ಮೊದಲು ಗೆರೆ ಎಳೆದರೆ ಉಳಿದವರ ಗೆರೆಗಳೆಲ್ಲವೂ ಅದರ ಪಕ್ಕದಲ್ಲಿಯೇ ಬೀಳುವುವು. ದೊಡ್ಡವರು ‘ನೀರು ಬರುತ್ತಿದೆ’ ಎಂದು ಗುರುತಿಸಿದ ಕಾಲುವೆಯ ಮೇಲೆ ‘ಬರುತ್ತಿಲ್ಲ’ ಎಂದು ಕಪ್ಪು ಚುಕ್ಕೆ ಇಡುವ ಧೈರ್ಯವು ಎರಡೆಕರೆಯವನಿಗೆ ಎಲ್ಲಿಂದ ಬರಬೇಕು? ಆದುದರಿಂದ ಕಾಲುವೆಯ ಕೊನೆಯ ಭಾಗದವರು ಮೊದಲು, ನಡುವಿನವರು ಅನಂತರ, ಮೇಲ್ಭಾಗದವರು ಆಮೇಲೆ, ಹಿರಿಯರು ಎಲ್ಲರಿಗಿಂತ ಕೊನೆಗೆ ಗುರುತು ಹಾಕುವುದು ಯೋಗ್ಯವಾದ ಸರದಿ. ಪಂಕ್ತಿಯ ಊಟದಲ್ಲಿ ಹಿರಿಯರಿಗೆ ಮೊದಲು ಬಡಿಸುವರು, ಇಲ್ಲಿ ಹಾಗಲ್ಲ. ಇದನ್ನು ಹಿರಿಯರು ತಾವಾಗಿಯೇ ಹೇಳಿದರೆ ಅವರ ಗೌರವಕ್ಕೆ ಕುಂದು ಬಾರದು.

ಗುರುತು ಹಾಕಿದವರ ಹೆಸರು ತೋರುವಂತೆಯೂ ತೋರದಂತೆಯೂ ಮಾಡುವ ಅವಕಾಶವು ಸಭೆಯನ್ನು ನಡೆಸುವವರ ಕೈಯಲ್ಲಿರುತ್ತದೆ. ರೋಗ, ಕೀಟ, ಗೊಬ್ಬರದ ವಿಷಯಗಳಲ್ಲಿ ಹೆಸರು ತೋರುವುದೇ ಒಳ್ಳೆಯದು. ತಜ್ಞರು ಆ ರೈತನನ್ನು ಹೆಸರು ಹಿಡಿದು ವಿಚಾರಿಸಬಹುದು. ನೀರಿನ ಸರದಿ, ಅನಧಿಕೃತ ಪಂಪು, ಬಸಿಗಾಲುವೆಯ ಒತ್ತುವರಿ ಮುಂತಾದವುಗಳಲ್ಲಿ ಹೆಸರನ್ನು ಮರೆಯಿಸುವುದು ಲೇಸು. ಹೆಸರು ಮರೆಯಾದ ಕೂಡಲೆ ಚೇಷ್ಟೆಯ ಗೆರೆಗಳೂ ಬರಬಹುದು. ಅವನ್ನು ಅಳಿಸಿ, ಅಗತ್ಯವಾದರೆ ಗುರುತು ಹಾಕುವ ಅಧಿಕಾರವನ್ನೇ ಸ್ವಲ್ಪ ಹೊತ್ತು ನಿಲ್ಲಿಸಲು ಸಭೆಯನ್ನು ನಡೆಸುವವರಿಗೆ ಸಾಧ್ಯ.

ಮತ್ತೊಂದು ಮಾತು. ಫೋನು ಭೂಮಾಲೀಕನದು, ಹೊಲದಲ್ಲಿ ದುಡಿಯುವವನು ಗುತ್ತಿಗೆಗೆ ಹಿಡಿದವನು ಎಂಬ ಸ್ಥಿತಿಯು ಕಾಲುವೆ ಪ್ರದೇಶದಲ್ಲಿ ಸಾಧಾರಣ. ನಾಟಿ ಮಾಡುವವರೂ ಕಳೆ ತೆಗೆಯುವವರೂ ಹೆಂಗಸರು. ಎಲೆಯ ಮೇಲಿನ ಮೊದಲ ಚುಕ್ಕೆಯನ್ನು ಕಾಣುವವರು ಅವರೇ. ಭೂಮಾಲೀಕರು ತಾವೊಬ್ಬರೇ ತರಬೇತಿಯಲ್ಲಿ ಕುಳಿತರೆ ಅವರು ಹಾಕುವ ಗುರುತು ಕೇಳಿದ ಸುದ್ದಿಯ ಗುರುತಾಗುವುದು. ಗುತ್ತಿಗೆದಾರನನ್ನೂ ಕೆಲಸದ ಹೆಂಗಸರಲ್ಲಿ ಒಬ್ಬಿಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಫೋನನ್ನು ಅವರ ಕೈಗೆ ಕೊಡುವುದರಲ್ಲಿ ಮಾಲೀಕನ ಲಾಭವೇ ಅಡಗಿದೆ. ಹೊಲ ಕೆಟ್ಟರೆ ಗುತ್ತಿಗೆಯ ಹಣವೂ ಕೆಡುವುದು.

ಏರ್ಪಾಟಿನ ವಿವರಗಳು

ಗ್ರಾಮ ಪಂಚಾಯಿತಿಯ ಸಭಾಂಗಣದಲ್ಲಾಗಲಿ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಾಗಲಿ ಇಪ್ಪತ್ತು ಜನ ಸೇರಿ, ಒಂದು ದೊಡ್ಡ ಪರದೆಯನ್ನೂ ಮೂರು ನಾಲ್ಕು ಫೋನುಗಳನ್ನೂ ಇಟ್ಟುಕೊಳ್ಳುವುದು, ಒಬ್ಬೊಬ್ಬರು ಮನೆಯಲ್ಲಿ ಕುಳಿತು ನೋಡುವುದಕ್ಕಿಂತ ಉತ್ತಮ. ಒಂದೇ ಕೋಣೆಯಲ್ಲಿ ಹಲವು ಫೋನುಗಳ ಧ್ವನಿಯು ತೆರೆದಿದ್ದರೆ ಕಿವಿಗಡಚಿಕ್ಕುವ ಕೂಗು ಏಳುವುದರಿಂದ, ಒಂದರ ಹೊರತು ಉಳಿದವುಗಳ ಧ್ವನಿಯನ್ನೂ ಮೈಕನ್ನೂ ಮುಚ್ಚಿಡತಕ್ಕದ್ದು. ಜೂಮ್ ಆಪ್‌ನ್ನು ಹಿಂದಿನ ದಿನವೇ ಇಳಿಸಿಕೊಂಡಿರಬೇಕು. ಆಪ್ ಇಲ್ಲದೆ ಬ್ರೌಸರಿನಲ್ಲಿ ತೆರೆದವರಿಗೆ ಗುರುತಿನ ಸೌಕರ್ಯವು ದೊರೆಯದೆ ಹೋಗಬಹುದು. ತಜ್ಞರು ಚಿತ್ರವನ್ನು ತೋರಿಸತೊಡಗಿದಾಗ ಫೋನಿನಲ್ಲಿ ಕಾಣುವ ಪೆನ್ಸಿಲಿನ ಆಕಾರವನ್ನು ಮುಟ್ಟಿ, ಬಣ್ಣವನ್ನು ಆರಿಸಿ, ಬೆರಳಿನಿಂದ ಎಳೆದರಾಯಿತು. ಮೊದಲ ಐದು ನಿಮಿಷ ಎಲ್ಲರೂ ಬರಿಯ ಪರದೆಯ ಮೇಲೆ ಇಷ್ಟಬಂದಂತೆ ಗೀಚಲಿ. ನಗು ಬಂದರೂ ಬರಲಿ, ಕೈ ಪಳಗುವುದು. ಹಣ ಕೊಡದೆ ನಡೆಸುವ ಜೂಮ್ ಸಭೆಯು 40 ನಿಮಿಷಕ್ಕೆ ನಿಂತುಹೋಗುವುದು. ಇದನ್ನು ಕೊರತೆಯೆಂದು ಹಲವರು ಹೇಳುವರಾದರೂ, ಸಂಜೆಯ ಹೊತ್ತು ಎಮ್ಮೆ ಕರೆಯಬೇಕಾದವರಿಗೆ ಅಷ್ಟೇ ಸಾಕು.

ಜಾಲದ ಬಲವಿಲ್ಲದ ಊರುಗಳಲ್ಲಿ ವಾಟ್ಸಾಪಿನ ಮೂಲಕವೂ ಈ ಕೆಲಸವನ್ನು ಮಾಡಬಹುದು. ನಕ್ಷೆಯ ಅಥವಾ ಎಲೆಯ ಚಿತ್ರವನ್ನು ಗುಂಪಿಗೆ ಕಳುಹಿಸಿದರೆ, ರೈತನು ಅದರ ಮೇಲೆ ಪೆನ್ನಿನ ಗುರುತನ್ನು ಆರಿಸಿ ಗೆರೆ ಎಳೆದು ಮರಳಿ ಕಳುಹಿಸಬಲ್ಲನು. ಎಲ್ಲರ ಗುರುತೂ ಒಂದೇ ಚಿತ್ರದ ಮೇಲೆ ಕೂಡುವುದಿಲ್ಲವೆಂಬುದೊಂದೇ ಇದರ ನ್ಯೂನತೆ. ಬಂದವುಗಳನ್ನು ಯಾರಾದರೊಬ್ಬರು ಕೂತು ಒಂದು ಕಾಗದದ ನಕ್ಷೆಗೆ ಇಳಿಸಬೇಕಾಗುವುದು.

ಗುರುತು ಹಾಕಿದ ಚಿತ್ರವನ್ನು ಅಳಿಸುವುದಕ್ಕೆ ಮುಂಚೆ ಕಾಪಿಡಲು ಮರೆಯಬಾರದು. ಯಾವುದೋ ಕಂಪನಿಯ ಸಾಧನದೊಳಗೇ ಅದನ್ನು ಬಿಟ್ಟಿರುವುದೂ ಜಾಣತನವಲ್ಲ. ಗೂಗಲ್ ಕಂಪನಿಯವರ ಜಾಮ್‌ಬೋರ್ಡ್ ಎಂಬ ಹಂಚಿಕೆಯ ಬರಹಫಲಕವು 2024ನೆಯ ಡಿಸೆಂಬರ್ 31ಕ್ಕೆ ಮುಚ್ಚಿಹೋಯಿತು. ಆದುದರಿಂದ ಚಿತ್ರವನ್ನು ಸಾಮಾನ್ಯ ಛಾಯಾಚಿತ್ರದಂತೆ ಉಳಿಸಿ, ತಾರೀಖು, ಊರು, ತೂಬಿನ ಸಂಖ್ಯೆಗಳನ್ನು ಬರೆದು, ಅಚ್ಚು ತೆಗೆಯಿಸಿ, ಒಂದು ಪ್ರತಿಯನ್ನು ಪಂಚಾಯಿತಿಯ ಸೂಚನಾಫಲಕದ ಮೇಲೂ ಇನ್ನೊಂದನ್ನು ರೈತ ಸಂಪರ್ಕ ಕೇಂದ್ರದಲ್ಲಿಯೂ ಇಡಬೇಕು. ತರಬೇತಿಗೆ ಬಾರದವರು ಅದರ ಮೇಲೆ ಪೆನ್ನಿನಿಂದ ತಮ್ಮ ಗುರುತನ್ನು ಸೇರಿಸಲಿ. ಮುಂದಿನ ತರಬೇತಿಯನ್ನು ಆ ಕಾಗದದ ಛಾಯಾಚಿತ್ರದಿಂದಲೇ ಆರಂಭಿಸುವಂತೆ ತಜ್ಞರನ್ನು ಕೇಳಿಕೊಳ್ಳಬಹುದು.

ಕಾಲುವೆ ಪ್ರದೇಶದವರು ಇಂಥ ನಕ್ಷೆಯನ್ನು ಬೇಸಗೆಯಲ್ಲಿ, ಬಿಳಿಯ ಪುಡಿಯು ನೆಲದ ಮೇಲೆ ಚೆನ್ನಾಗಿ ಕಾಣುತ್ತಿರುವಾಗ, ನೀರಾವರಿ ಸಲಹಾ ಸಮಿತಿಯು ಮುಂಗಾರಿನ ನೀರನ್ನು ನಿಷ್ಕರ್ಷಿಸಲು ಸೇರುವುದಕ್ಕೆ ಮೊದಲು ಸಿದ್ಧಮಾಡಿಟ್ಟುಕೊಳ್ಳುವುದು ಒಳ್ಳೆಯದು. ಮಳೆಯಾಶ್ರಿತ ಊರುಗಳವರು ಹತ್ತಿಯ ಕಾಲಪಟ್ಟಿಯನ್ನು ಬಿತ್ತನೆಯಾದ ನಲವತ್ತೈದನೆಯ ದಿನದಿಂದ ಹದಿನೈದು ದಿನಗಳಿಗೊಮ್ಮೆ ತೆರೆಯಬೇಕು. ತರಬೇತಿಯ ದಿನವನ್ನು ಗೊತ್ತುಮಾಡುವುದಕ್ಕೂ ತಜ್ಞರನ್ನು ಕೇಳಿಕೊಳ್ಳುವುದಕ್ಕೂ ಆಯಾ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸತಕ್ಕದ್ದು.